ಮಕ್ಕಳಲ್ಲಿ ಮರುಕಳಿಸುವ ಹೊಟ್ಟೆನೋವು

ಶಾಲೆಗೆ ಹೊರಡುವ ವೇಳೆಗೆ ಸರಿಯಾಗಿ ಮಗು ಹೊಟ್ಟೆಯನ್ನು ಹಿಡಿದುಕೊಂಡು ಕುಳಿತುಬಿಡುತ್ತದೆ. ಹೊಕ್ಕುಳಿನ ಸುತ್ತ ನೋವೆನ್ನುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ನೋವು ತಾನಾಗಿಯೇ ಇಳಿದು ಮಗು ಆಟಕ್ಕೆ ಓಡುತ್ತದೆ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಅದೇ ನೋವು. ಹೀಗೆ ತಿಂಗಳುಗಟ್ಟಲೆ ನಡೆದರೆ ತಂದೆತಾಯಿಗಳು ಕಂಗೆಡುವುದು ಸಹಜವೇ ಆಗಿದೆ.

ಕೊಂಡ್ಲಹಳ್ಳಿಯ ಸುತ್ತಿನ ಗ್ರಾಮವೊಂದರಿಂದ ಶೇಂಗಾ ಬೆಳೆಯುವ ರೈತನೊಬ್ಬನು ತನ್ನ ಒಂಬತ್ತು ವರ್ಷದ ಮಗಳನ್ನು ನನ್ನಲ್ಲಿಗೆ ಕರೆತಂದಿದ್ದನು. ಎರಡು ಕುರಿಗಳನ್ನು ಮಾರಿ ಪಟ್ಟಣದಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವನ್ನೂ ಮಾಡಿಸಿದ್ದನು. ಎಲ್ಲವೂ ಸರಿಯಾಗಿದ್ದವು. ನಾನು ಮಗುವನ್ನು ಪರೀಕ್ಷಿಸಿ, "ಏನೂ ಇಲ್ಲ, ಹೆದರಬೇಡಿ" ಎಂದು ಕಳುಹಿಸಿದೆನು. ಎರಡು ತಿಂಗಳ ತರುವಾಯ ಅವರು ಮತ್ತೆ ಬಂದಾಗ ಮಗುವಿನ ಹೊಕ್ಕುಳಿನ ಸುತ್ತ ಮೂರು ಬರೆಗಳ ಗುರುತುಗಳಿದ್ದವು. ಒಂದು ಕೀವು ಕಟ್ಟಿತ್ತು. "ನೀವೇ ಏನೂ ಇಲ್ಲವೆಂದಿರಲ್ಲ ಸ್ವಾಮಿ. ಹಾಗಾದರೆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಯೇ?" ಎಂದು ತಂದೆಯು ಕೇಳಿದನು. ಆ ಪ್ರಶ್ನೆಗೆ ಮೊದಲ ದಿನವೇ ಉತ್ತರ ಹೇಳಬೇಕಾಗಿತ್ತು. ಹೇಳದೆ ಹೋದದ್ದು ನನ್ನ ತಪ್ಪು.

ಉತ್ತರವೇನೆಂದರೆ, ಮಗು ಸುಳ್ಳು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ರೋಗವು ಕಾಣಲಿಲ್ಲವೆಂದ ಮಾತ್ರಕ್ಕೆ ನೋವು ಇಲ್ಲವೆಂದು ಅರ್ಥವಲ್ಲ.

ನಮ್ಮ ಕರುಳಿಗೂ ಮಿದುಳಿಗೂ ನರಗಳ ಮೂಲಕ ಸದಾ ಸಂಪರ್ಕವಿರುತ್ತದೆ. ಇದನ್ನು ನಮ್ಮ ಜನರು ಬಹು ಹಿಂದೆಯೇ ಬಲ್ಲರು. ದುಃಖದ ಸುದ್ದಿ ಕೇಳಿದಾಗ "ಕರುಳು ಚುರ್ ಎಂದಿತು" ಎನ್ನುತ್ತೇವೆ, ಭಯವಾದಾಗ "ಹೊಟ್ಟೆಯಲ್ಲಿ ತಳಮಳ" ಎನ್ನುತ್ತೇವೆ. ಕೆಲವು ಮಕ್ಕಳಲ್ಲಿ ಈ ನರಗಳು ಹೆಚ್ಚು ಸೂಕ್ಷ್ಮವಾಗಿರುತ್ತವೆ. ಕೆಲವೊಮ್ಮೆ ಒಂದು ಭೇದಿಯ ಕಾಯಿಲೆ ವಾಸಿಯಾದ ನಂತರ ಹೀಗಾಗುವುದುಂಟು. ಆಗ ಕರುಳಿನಲ್ಲಿ ಸ್ವಲ್ಪ ವಾಯು ತುಂಬಿದರೂ, ಮಲ ಕಟ್ಟಿದರೂ, ಬೇರೆ ಮಕ್ಕಳಿಗೆ ತಿಳಿಯದಂಥದ್ದು ಈ ಮಗುವಿಗೆ ನೋವಾಗಿ ತಿಳಿಯುತ್ತದೆ. ಭಯವು ಸೇರಿದರೆ ಆ ನೋವು ಇಮ್ಮಡಿಸುತ್ತದೆ. ಇದು ನಮ್ಮ ಸೀಮೆಗೆ ಮಾತ್ರ ಬಂದದ್ದಲ್ಲ. 1958ರಲ್ಲಿ ಇಂಗ್ಲೆಂಡಿನ ವೈದ್ಯರಾದ ಜಾನ್ ಆಪ್ಲಿ ಮತ್ತು ನೋರಾ ನೈಶ್ ಎಂಬುವರು ಪ್ರಕಟಿಸಿದ 1,000 ಶಾಲಾ ಮಕ್ಕಳ ಸಮೀಕ್ಷೆಯಲ್ಲಿ, ಸುಮಾರು ಹತ್ತು ಮಕ್ಕಳಿಗೆ ಒಬ್ಬರಂತೆ ಈ ಮರುಕಳಿಸುವ ನೋವು ಕಂಡುಬಂದಿತು.

ಆದರೆ ಎಲ್ಲ ಹೊಟ್ಟೆನೋವನ್ನೂ ಹೀಗೆಯೇ ಎಂದು ಭಾವಿಸಿ ಸುಮ್ಮನಿರುವುದು ಅಪಾಯಕರ. ನೋವು ಮಗುವನ್ನು ರಾತ್ರಿ ನಿದ್ರೆಯಿಂದ ಎಬ್ಬಿಸುತ್ತಿದ್ದರೆ, ಹೊಕ್ಕುಳಿನಿಂದ ದೂರ, ಅದರಲ್ಲೂ ಹೊಟ್ಟೆಯ ಬಲಗಡೆ ಒಂದೇ ಕಡೆ ಇದ್ದರೆ, ಮಗುವಿನ ತೂಕ ಇಳಿಯುತ್ತಿದ್ದರೆ ಅಥವಾ ಎತ್ತರ ಬೆಳೆಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಿಡದಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಉರಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಸಿರು ಬಣ್ಣದ ವಾಂತಿಯಾದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿರಿ. ಗಂಡುಮಕ್ಕಳು ವೃಷಣದ ನೋವನ್ನು ನಾಚಿಕೆಯಿಂದ ಹೊಟ್ಟೆನೋವೆಂದೇ ಹೇಳುವುದುಂಟು. ಅದು ಒಮ್ಮೆಲೇ ಬಂದಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾದೀತು. ಆದಕಾರಣ ಬಟ್ಟೆ ಸರಿಸಿ ನೋಡಲು ಸಂಕೋಚಪಡಬಾರದು.

ಈ ಲಕ್ಷಣಗಳು ಇಲ್ಲದಿದ್ದರೂ ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬಾರದು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ ಮತ್ತು ಶಾಲೆಗಳಲ್ಲಿ ಇದನ್ನು ಉಚಿತವಾಗಿ ಕೊಡಲಾಗುತ್ತಿದೆ. ಮಗುವು ಎಷ್ಟು ದಿನಕ್ಕೊಮ್ಮೆ ಮಲವಿಸರ್ಜನೆ ಮಾಡುತ್ತದೆ ಎಂಬುದನ್ನೂ ವಿಚಾರಿಸಿರಿ. ಶಾಲೆಯ ಶೌಚಾಲಯಕ್ಕೆ ಹೋಗಲು ಅಂಜಿ ದಿನವಿಡೀ ತಡೆದುಕೊಳ್ಳುವ ಮಕ್ಕಳು ನಾವು ತಿಳಿದಿರುವುದಕ್ಕಿಂತ ಹೆಚ್ಚು. ಬೆಳಗಿನ ಆಹಾರದ ನಂತರ ಐದು ನಿಮಿಷ ಅವಸರವಿಲ್ಲದೆ ಕೂರುವ ಅಭ್ಯಾಸ, ಸಾಕಷ್ಟು ನೀರು, ಸೊಪ್ಪು, ಕಾಳು, ಸೀಬೆಹಣ್ಣು, ಬಾಳೆಹಣ್ಣು, ಇವಿಷ್ಟರಿಂದಲೇ ಎಷ್ಟೋ ಮಕ್ಕಳ ನೋವು ಇಳಿಯುತ್ತದೆ. ಹಾಲು ಕುಡಿದಾಗಲೆಲ್ಲ ಹೊಟ್ಟೆ ಉಬ್ಬರಿಸಿ ನೋಯುವ ಮಗುವಿಗೆ ಎರಡು ವಾರ ಹಾಲಿನ ಬದಲು ಮೊಸರು, ಮಜ್ಜಿಗೆ ಕೊಟ್ಟು ನೋಡಬಹುದು. ಇನ್ನೊಂದು ಮಾತು: ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಹಲ್ಲು ಕಂದುಗಟ್ಟಿಸುವ ಈ ನೀರು ಹೊಟ್ಟೆಗೂ ಹಿತವಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರನ್ನೇ ಕುಡಿಯಲು ಬಳಸಬೇಕು.

ಬರೆ ಹಾಕಿಸುವುದು ಖಂಡಿತ ಕೂಡದು. ಗಾಯದ ಉರಿಯಲ್ಲಿ ಹಳೆಯ ನೋವು ಗಳಿಗೆ ಹೊತ್ತು ಮರೆಯಾಗಬಹುದು. ಮಗು ಹೆದರಿ ನೋವನ್ನು ಹೇಳುವುದನ್ನೇ ನಿಲ್ಲಿಸಲೂಬಹುದು. ಅದು ಗುಣವಾದಂತಲ್ಲ. ಗಾಯವು ಕೀವಾಗಿ ಧನುರ್ವಾಯು ತಗುಲಿದರೆ ಪ್ರಾಣಕ್ಕೇ ಸಂಚಕಾರ. ಪ್ರತಿ ಸಲವೂ ಸೂಜಿಮದ್ದು, ಗ್ಲೂಕೋಸ್ ಬಾಟಲಿ ಹಾಕಿಸುವುದರಿಂದಲೂ ಪ್ರಯೋಜನವಿಲ್ಲ. ತನಗೆ ದೊಡ್ಡ ಕಾಯಿಲೆಯೇ ಇದೆಯೆಂಬ ನಂಬಿಕೆ ಮಗುವಿನಲ್ಲಿ ಬಲಿಯುತ್ತದೆ, ಅಷ್ಟೇ.

ಮೇಲೆ ಹೇಳಿದ ಹುಡುಗಿಯನ್ನು ಎರಡನೆಯ ಸಲ ನಾನು ತಾಯಿಯೊಡನೆ ಕೂರಿಸಿ ಸಾವಕಾಶವಾಗಿ ಮಾತನಾಡಿಸಿದೆನು. ಹಿಂದಿನ ವರ್ಷ ಅವಳ ದೊಡ್ಡಪ್ಪನು ತೀರಿಕೊಂಡಿದ್ದನು. "ಹೊಟ್ಟೆನೋವೆಂದು ಮಲಗಿದವನು ಏಳಲೇ ಇಲ್ಲ" ಎಂಬ ಹಿರಿಯರ ಮಾತು ಅವಳ ಕಿವಿಗೆ ಬಿದ್ದಿತ್ತು. ದೊಡ್ಡಪ್ಪನಿಗೆ ಇದ್ದದ್ದು ಕುಡಿತದಿಂದ ಬಂದ ಯಕೃತ್ತಿನ ರೋಗವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇವಳು ನೋವೆಂದಾಗಲೆಲ್ಲ ಅಜ್ಜಿ ಕಣ್ಣೀರಿಡುತ್ತಿದ್ದಳು. ನೋವಿನಿಂದ ಭಯ, ಭಯದಿಂದ ನೋವು. ಒಂಬತ್ತು ವರ್ಷದ ಮಗುವಿಗೆ ಅದು ಹೊರಲಾರದ ಹೊರೆ.

ನಿಮ್ಮ ಮಗುವಿನ ಕಾರಣವು ಬೇರೆಯಿರಬಹುದು, ಅಥವಾ ಯಾವ ಕಾರಣವೂ ಸಿಗದಿರಬಹುದು. ಆದರೂ ಕೇಳಿ ನೋಡಬೇಕು. ಶಾಲೆಯಲ್ಲಿ ಯಾರಾದರೂ ಹೊಡೆಯುವರೋ, ಹಂಗಿಸುವರೋ, ಮೈ ಮುಟ್ಟಿ ಹಿಂಸಿಸುವರೋ, ಮನೆಯಲ್ಲಿ ಗಂಡಹೆಂಡಿರ ಜಗಳ ಮಗುವಿನೆದುರಿಗೇ ನಡೆಯುವುದೋ ಯೋಚಿಸಿರಿ. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು.

ನೋವು ಬಂದಾಗ "ನಾಟಕ ಮಾಡಬೇಡ" ಎಂದು ಗದರಿಸುವುದೂ ಬೇಡ, ಮನೆಯವರೆಲ್ಲ ಸುತ್ತುವರಿದು ಗೋಳಾಡುವುದೂ ಬೇಡ. "ನೋಯುತ್ತಿದೆಯೆಂದು ನನಗೆ ಗೊತ್ತು ಮಗಳೇ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ" ಎಂದು ತಾಯಿ ಸಮಾಧಾನದಿಂದ ಹೇಳಿ, ಬೆಚ್ಚನೆಯ ಬಟ್ಟೆಯಿಂದ ಹೊಟ್ಟೆಗೆ ಹದವಾಗಿ ಕಾವು ಕೊಡಬಹುದು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕೈ ಮೇಲೇಳುವಂತೆ ನಿಧಾನವಾಗಿ ಉಸಿರೆಳೆದು ಬಿಡುವುದನ್ನು ಕಲಿಸಬಹುದು. ನೋವು ಇಳಿದ ಕೂಡಲೇ, ತಡವಾದರೂ ಸರಿಯೇ, ಶಾಲೆಗೆ ಕಳುಹಿಸಬೇಕು. ಇದರಲ್ಲಿ ಮಾತ್ರ ತಂದೆತಾಯಿಗಳಿಬ್ಬರೂ ಒಂದೇ ಮಾತಿನವರಾಗಿರಬೇಕು. ಉಪಾಧ್ಯಾಯರಿಗೆ ಮೊದಲೇ ವಿಷಯ ತಿಳಿಸಿದರೆ ಅವರು ಮಗುವನ್ನು ಹತ್ತು ನಿಮಿಷ ಕೂರಿಸಿ ಮತ್ತೆ ಪಾಠಕ್ಕೆ ಕರೆದುಕೊಳ್ಳುವರು. ಗಳಿಗೆಗೊಮ್ಮೆ "ಈಗ ನೋವಿದೆಯೇ?" ಎಂದು ನೀವಾಗಿಯೇ ಕೇಳಬಾರದು. ಬದಲಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಗುರುತು ಹಾಕಿರಿ.

ಆ ಹುಡುಗಿಯ ತಂದೆಯೂ ಹಾಗೆಯೇ ಗುರುತು ಹಾಕಿದನು. ಮೊದಲ ತಿಂಗಳು ಹದಿನಾಲ್ಕು ಗುರುತುಗಳಿದ್ದವು, ನಾಲ್ಕನೆಯ ತಿಂಗಳು ಮೂರು. ಆ ಮೂರು ದಿನಗಳಲ್ಲಿಯೂ ಅವಳು ಶಾಲೆಗೆ ಹೋಗಿದ್ದಳು.