ತಿರುವಿನಲ್ಲಿ ಜಾರುವ ಮೆತ್ತೆ

ಬೆಂಗಳೂರಿನ ನಾಗಸಂದ್ರದಿಂದ ತುಮಕೂರು ರಸ್ತೆ ಹಿಡಿದು, ನೆಲಮಂಗಲದಲ್ಲಿ ಹಾಸನದ ಕಡೆ ಹೊರಳಿದ ಕ್ಯಾರವಾನ್‌ಗೆ ನಿಜವಾದ ಪರೀಕ್ಷೆ ಶಿರಾಡಿ ಘಾಟಿಯಲ್ಲಿ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಹಿಂದಿನ ಸೀಟಿನ ಮೆತ್ತೆಗಳೆಲ್ಲ ನೆಲದ ಮೇಲೆ!

ತಪ್ಪು ಚಾಲಕನದಲ್ಲ. ಟೆಂಪೋ ಟ್ರಾವೆಲರ್‌ಗಳನ್ನು ಮನೆಯಾಗಿ ಮಾರ್ಪಡಿಸುವಾಗ ಸೀಟಿನ ಪೆಟ್ಟಿಗೆಗೆ ಹಲವರು ಸನ್‌ಮೈಕಾ ಅಂಟಿಸಿದ ಪ್ಲೈವುಡ್ ಬಳಸುತ್ತಾರೆ. ಅದರ ಮೇಲೆ ನುಣುಪು ಬಟ್ಟೆಯ ಮೆತ್ತೆಗೆ ಹಿಡಿತವೇ ಇರುವುದಿಲ್ಲ. ಬ್ರೇಕ್ ಒತ್ತಿದರೆ ಗಾಡಿ ನಿಧಾನವಾಗುತ್ತದೆ, ಮೆತ್ತೆ ಮಾತ್ರ ತನ್ನ ವೇಗದಲ್ಲೇ ಮುಂದೆ ಹೋಗುತ್ತದೆ.

ಅಗ್ಗದ ಉಪಾಯ, ಕಾರ್ಪೆಟ್ ಜಾರದಂತೆ ಅಡಿಗೆ ಹಾಸುವ ರಬ್ಬರಿನಂಥ ಜಾಲರಿ. 2022ರ ಜೂನ್‌ನಲ್ಲಿ ನಾಗಸಂದ್ರ ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ತೆರೆದ ಐಕಿಯಾದಂಥ ಮಳಿಗೆಯಲ್ಲೂ, ಕಾರ್ಪೆಟ್ ಅಂಗಡಿಯಲ್ಲೂ ಇದು ಸಿಗುತ್ತದೆ. ಮೆತ್ತೆಗಿಂತ ಒಂದಿಂಚು ಚಿಕ್ಕದಾಗಿ ಕತ್ತರಿಸಿದರೆ ಅಂಚು ಹೊರಗೆ ಇಣುಕುವುದಿಲ್ಲ. ಧೂಳು ಕೂತರೆ ಹಿಡಿತ ಹೋಗುತ್ತದೆ. ಆಗಾಗ ತೊಳೆದು ಒಣಗಿಸಬೇಕು.

ಅದೂ ಸಾಲದಿದ್ದರೆ ವೆಲ್ಕ್ರೋ. ಒರಟು ಪಟ್ಟಿ ಹಲಗೆಗೆ, ಮೃದು ಪಟ್ಟಿ ಮೆತ್ತೆಯ ಕವರ್‌ಗೆ. ಬರೀ ಅಂಟು ನಂಬಿದರೆ ಏಪ್ರಿಲ್ ಬಿಸಿಲಿಗೆ ಅದು ಕರಗಿ ಕಿತ್ತು ಬರಬಹುದು. ಹಲಗೆಗೆ ಸ್ಟೇಪಲ್, ಕವರ್‌ಗೆ ಹೊಲಿಗೆ ಹಾಕಿಸುವುದು ಲೇಸು. ಹೊಸದಾಗಿ ಸೀಟು ಮಾಡಿಸುವವರು ಬಡಗಿಗೆ ಹೇಳಿ ಮುಂದಿನ ಅಂಚಿಗೆ ಒಂದಿಂಚಿನ ಮರದ ಪಟ್ಟಿ ಹೊಡೆಸಲಿ.

ಅಂದಹಾಗೆ, ಮೆತ್ತೆ ಅಲುಗದೆ ಕೂತಿತೆಂದು ಓಡುವ ಗಾಡಿಯಲ್ಲಿ ಅದರ ಮೇಲೆ ಮಕ್ಕಳನ್ನು ಮಲಗಿಸುವಂತಿಲ್ಲ. ಅವರಿಗೆ ಬೇಕಾದದ್ದು ಬೆಲ್ಟ್ ಇರುವ ಸೀಟು.