ಗ್ಲಾಸಿನ ಬೆಲೆಯಲ್ಲಿ ಸೇರದ ಕೂಲಿ

ಡಲ್ಲಾಸ್‌ಗೆ ಹೋಗಿ ಇಳಿದ ಮೊದಲ ಶುಕ್ರವಾರವೇ ಆಫೀಸಿನವರು ನಿನ್ನನ್ನು ಬಾರಿಗೆ ಕರೆದಾರು. ಕುಡಿಯುವುದು ಬಿಡುವುದು ನಿನ್ನಿಷ್ಟ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಕೌಂಟರಿನ ಆಚೆ ನಿಂತು ಗ್ಲಾಸು ತುಂಬಿಸುವವರ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮಲ್ಲಿ ಟಿಪ್ಸ್ ಅಂದರೆ ಸೋಂಪಿನ ತಟ್ಟೆಯಲ್ಲಿ ಬಿಟ್ಟು ಬರುವ ಚಿಲ್ಲರೆ. ಬಿಟ್ಟರೆ ಸಂತೋಷ, ಬಿಡದಿದ್ದರೂ ನಡೆಯುತ್ತದೆ. ಅದೇ ಅಂದಾಜಿನಲ್ಲಿ ನಾನು ಅಲ್ಲಿಗೆ ಹೋದ ಹೊಸದರಲ್ಲಿ ಮೂರು ಬಿಯರ್ ಕುಡಿದು, ಬಿಲ್ಲಿಗೆ ಸರಿಯಾಗಿ ದುಡ್ಡಿಟ್ಟು ಎದ್ದುಬಂದೆ. ಬಿಯರ್ ಕೊಟ್ಟಾಕೆ ಏನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಗೆಳೆಯ ಕೇಳಿದ: "ಅವಳಿಗೆ ಸಂಬಳ ಯಾರು ಕೊಡ್ತಾರೆ ಅಂದ್ಕೊಂಡೆ?" ಮಾಲೀಕ ಅಂದೆ. ಅವನು ಬಿಡಿಸಿ ಹೇಳಿದ ಮೇಲೆ ತಿರುಗಿ ಒಳಗೆ ಹೋಗಿ ಟಿಪ್ಸ್ ಕೊಟ್ಟು ಬಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅವನು ಹೇಳಿದ ಲೆಕ್ಕ ಇದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ 2.13 ಡಾಲರ್ ಕೊಟ್ಟರೆ ಸಾಕು. ಮಿಕ್ಕಿದ್ದು ಗಿರಾಕಿಗಳ ಕೈಯಿಂದ ಬರಬೇಕು. ಅದು ಬಾರದಿದ್ದಾಗ ಮಾತ್ರ ಕೊರತೆಯನ್ನು ಮಾಲೀಕ ತುಂಬಬೇಕು. ಆ 2.13 ಡಾಲರ್ 1991ರಿಂದ ಒಂದು ಸೆಂಟೂ ಏರಿಲ್ಲ. ನೀನು ಹೋಗುವ ಟೆಕ್ಸಾಸ್‌ನಲ್ಲಿ ಇದೇ ದರ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು, ಆದರೂ ಟಿಪ್ಸ್ ರೂಢಿ ಅಲ್ಲೂ ಇದೆ. ನನ್ನ ಕೇಳಿದರೆ ಈ ಏರ್ಪಾಟೇ ನ್ಯಾಯವಲ್ಲ. ಹಾಗಂತ ನೀನು ಕೊಡದೆ ಬಂದರೆ ಪೆಟ್ಟು ಬೀಳುವುದು ಏರ್ಪಾಟಿಗಲ್ಲ, ರಾತ್ರಿ ಎರಡರವರೆಗೆ ನಿಂತು ದುಡಿಯುವವಳಿಗೆ. ಅವಳಿಗೆ ಬಂದದ್ದರಲ್ಲೂ ಐಸು ಹೊತ್ತು ತರುವ, ಗ್ಲಾಸು ತೊಳೆಯುವ ಹುಡುಗನಿಗೆ ಸಾಮಾನ್ಯವಾಗಿ ಒಂದು ಪಾಲು ಹೋಗುತ್ತದೆ.

ಹಾಗಾದರೆ ಟಿಪ್ಸ್ ಎಷ್ಟು ಇಡಬೇಕು? ಬಿಯರಿಗೆ ಒಂದು ಡಾಲರ್, ಅಳೆದು ಕುಲುಕಿ ಮಾಡಿಕೊಡುವ ಕಾಕ್‌ಟೇಲಿಗೆ ಎರಡು. ಕಾರ್ಡ್ ಕೊಟ್ಟು ಟ್ಯಾಬ್, ಅಂದರೆ ಕೊನೆಗೆ ಒಟ್ಟಿಗೆ ಕಟ್ಟುವ ಲೆಕ್ಕ, ತೆರೆದಿದ್ದರೆ ಒಟ್ಟು ಮೊತ್ತದ ನೂರಕ್ಕೆ 20. ಹ್ಯಾಪಿ ಅವರ್‌ನಲ್ಲಿ ಅರ್ಧ ಬೆಲೆಗೆ ಕುಡಿದರೂ ಲೆಕ್ಕ ಹಾಕುವುದು ಪೂರ್ತಿ ಬೆಲೆಯ ಮೇಲೆ, ಕೆಲಸವೇನೂ ಅರ್ಧವಾಗಿರುವುದಿಲ್ಲವಲ್ಲ. ಬರೀ ಸೋಡಾ ಕುಡಿದರೂ ಒಂದು ಡಾಲರ್ ಇಡು. ದೊಡ್ಡ ಗುಂಪಿದ್ದರೆ ಕೆಲವೊಮ್ಮೆ ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ಒಮ್ಮೆ ಓದಿ ನೋಡು. ಅಷ್ಟು ಕೊಡಲು ಕೈ ಬಿಗಿ ಅನ್ನಿಸಿದ ದಿನ ಒಂದು ಗ್ಲಾಸು ಕಡಿಮೆ ಕುಡಿ.

ಇನ್ನೊಂದು. ಜನ ತುಂಬಿದ್ದಾಗ ಚಿಟಿಕೆ ಹೊಡೆಯಬೇಡ, ನೋಟು ಬೀಸಬೇಡ. ಕೌಂಟರಿಗೆ ಹತ್ತಿರ ನಿಂತು ಕಣ್ಣು ಕೂಡುವವರೆಗೆ ಕಾಯಿ, ಯಾರಿಗೇನು ಬೇಕೆಂದು ಮೊದಲೇ ಕೇಳಿಟ್ಟುಕೊಂಡು ಒಂದೇ ಸಲ ಹೇಳು. ನಮ್ಮ ಹುಡುಗರು ಎಂಟು ಜನ ಹೋದರೆ ಎಂಟು ಕಾರ್ಡು ಚಾಚುತ್ತಾರೆ. ಅವಳ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ಒಬ್ಬರು ಕೊಟ್ಟು ಆಮೇಲೆ ಹಂಚಿಕೊಳ್ಳಿ.

ಅಲ್ಲಿನ ಎಟಿಎಂನಲ್ಲಿ ಹೆಚ್ಚಾಗಿ 20ರ ನೋಟೇ ಬರುವುದು. ಶುಕ್ರವಾರ ಮಧ್ಯಾಹ್ನವೇ ಯಾವುದಾದರೂ ಅಂಗಡಿಯಲ್ಲಿ ಒಂದನ್ನು ಮುರಿಸಿ, ಒಂದೊಂದು ಡಾಲರಿನ ನೋಟುಗಳನ್ನು ಜೇಬಿಗೆ ಹಾಕಿಕೋ.