28 ಕುಣಿಕೆಯಲ್ಲಿ ಅಮ್ಮ

ಕೋಪರಖೈರಣೆಯಲ್ಲಿ ಕೂತು ಉಲ್ಲನ್ ಹೆಣೆಯುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ. ನವಿ ಮುಂಬಯಿಯಲ್ಲಿ, ಕಡಲಿನ ಖಾಡಿಯ ಪಕ್ಕದ ಊರು. ವರ್ಷದ ಬಹುಪಾಲು ಬೆವರು, ಉಳಿದ ದಿನಗಳಲ್ಲಿ ಬೆಳಗಿನ ಜಾವ ಫ್ಯಾನು ಒಂದು ಪಾಯಿಂಟ್ ಕಡಿಮೆ, ಅಷ್ಟೇ ಇಲ್ಲಿನ ಚಳಿಗಾಲ. ಆದರೂ ಕೆಲಸಕ್ಕೆ ಬರವಿಲ್ಲ. ಸುತ್ತಲಿನ ಸೆಕ್ಟರುಗಳಲ್ಲಿ ಯಾರ ಮನೆ ನೋಡಿದರೂ ಒಬ್ಬರಾದರೂ ಚಳಿಯ ಊರಿನಲ್ಲಿದ್ದಾರೆ: ಮಗಳು ಟೊರಾಂಟೊದಲ್ಲಿ, ಮೊಮ್ಮಗ ಡಬ್ಲಿನ್ನಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಊರಲ್ಲೇ ಇರುವವರಿಗೆ ಆಫೀಸಿನ ಎ.ಸಿ. ಇದೆ. ಸ್ವೆಟರು ಅಂಗಡಿಯಲ್ಲಿ ನನಗಿಂತ ಅಗ್ಗಕ್ಕೆ ಸಿಗುತ್ತದೆ, ಅದು ಅವರಿಗೂ ಗೊತ್ತು. ನನ್ನ ಹತ್ತಿರ ಬರುವವರು ಕೇಳುವುದು ಬೇರೆ: “ಒಳಗೆ ಏನಾದರೂ ಬರೆದು ಕೊಡ್ತೀರಾ, ಅವಳಿಗೆ ಮಾತ್ರ ತಿಳಿಯೋ ಹಾಗೆ?”

ಧಾರವಾಡದಲ್ಲಿ ಕಸೂತಿ ಕಲಿತು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯ ಮರಾಠಿ ಕಾಕೂ ಕೈಯಲ್ಲಿ ಸೀದಾ–ಉಲ್ಟಾ (ನಯವಾಗಿ ಕೂರುವ ಕುಣಿಕೆ, ಉಬ್ಬಿ ಕಾಣುವ ಕುಣಿಕೆ) ಕಲಿತವಳು ನಾನು. ಗುಟ್ಟು ಹೆಣೆಯುವ ಕೆಲಸ ನನಗೆ ಏನು ಕಲಿಸಿತು ಅನ್ನುವುದನ್ನು, ನೆನಪಾದ ಕ್ರಮದಲ್ಲಿ, ಇಲ್ಲಿ ಬರೆದಿದ್ದೇನೆ.

1. ಗುಟ್ಟು ಲೆಕ್ಕದೊಳಗೇ ಇರಬೇಕು. ಸ್ವೆಟರ್ ಮುಗಿದ ಮೇಲೆ ಎದೆಯ ಮೇಲೆ ಹೆಸರು ಹೊಲಿದರೆ ಅದು ಶಾಲೆಯ ಯೂನಿಫಾರ್ಮು. ಎಷ್ಟು ಕುಣಿಕೆ, ಎಷ್ಟು ಸಾಲು, ಎಲ್ಲಿ ಉಲ್ಟಾ ಅನ್ನುವುದನ್ನೇ ಸಂದೇಶ ತೀರ್ಮಾನಿಸಬೇಕು. ನೋಡಿದವರಿಗೆ ಅದು ಬರೀ ಡಿಸೈನ್. ಹಾಗಾಗಿ ಮೊದಲ ಕಡ್ಡಿಗೆ ಕುಣಿಕೆ ಹಾಕುವ ಮುಂಚೆಯೇ ಮಾತು ಗೊತ್ತಿರಬೇಕು. ಅರ್ಧ ಬೆನ್ನು ಏರಿದ ಮೇಲೆ ಫೋನ್ ಮಾಡಿ “ಒಂದು ಲೈನ್ ಸೇರಿಸಿ ಅಕ್ಕಾ” ಅನ್ನುವವರಿಗೆ ಈಗ ನಯವಾಗಿ ಆಗೋದಿಲ್ಲ ಅನ್ನುತ್ತೇನೆ.

2. ಕನ್ನಡದ ಹೆಸರಿಗೆ ಮೋರ್ಸ್ ಬೇಡ. ಹೆಣಿಗೆಯಲ್ಲಿ ಸಂದೇಶ ಅಂದ ಕೂಡಲೇ ಎಲ್ಲರೂ ಮೋರ್ಸ್‌ಗೆ ಹೋಗುತ್ತಾರೆ. ಚುಕ್ಕೆಗೆ ಒಂದು ಉಲ್ಟಾ, ಗೆರೆಗೆ ಮೂರು ಉಲ್ಟಾ, ಒಂದೊಂದರ ನಡುವೆ ಒಂದು ಸೀದಾ, ಅಕ್ಷರದ ನಡುವೆ ಮೂರು ಸೀದಾ. ಸುಲಭವೇ. ಆದರೆ ಅದು ರೋಮನ್ ಅಕ್ಷರಕ್ಕೆ ಹೊಂದಿಸಿದ್ದು. ನಮ್ಮ ದೀರ್ಘ, ಒತ್ತು, ಮಹಾಪ್ರಾಣಕ್ಕೆ ಅಲ್ಲಿ ಜಾಗವಿಲ್ಲ. ‘ಅಮ್ಮ’ನನ್ನು ರೋಮನ್ನಿನಲ್ಲಿ ಬರೆದು ಮೋರ್ಸ್ ಮಾಡಿದರೆ 33 ಕುಣಿಕೆ ಬೇಕು. ಅದರಲ್ಲೂ ಮೂರು ಮೂರು ಉಲ್ಟಾ ಸಾಲಾಗಿ ಬಂದು ಎದ್ದು ಕಾಣುತ್ತವೆ.

ಅದರ ಬದಲು ನಾನು ಹಿಡಿದದ್ದು ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆ ನಮ್ಮ ಸೆಕ್ಟರುಗಳ ಹಾಗೆ 128 ಮನೆಗಳ ಒಂದು ಬ್ಲಾಕ್ ಕೊಟ್ಟಿದ್ದಾರೆ, ಪ್ರತಿ ಅಕ್ಷರಕ್ಕೂ ಒಂದು ಮನೆ ನಂಬರ್. ಸೊನ್ನೆಯಿಂದ ಎಣಿಸಿದರೆ ‘ಅ’ 5, ‘ಮ’ 46, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ 77. ಈ ನಂಬರನ್ನು ಸೊನ್ನೆ–ಒಂದರ ಲೆಕ್ಕಕ್ಕೆ ಇಳಿಸಿದರೆ ಪ್ರತಿ ಅಕ್ಷರಕ್ಕೂ ಸರಿಯಾಗಿ ಏಳು ಅಂಕಿ. ಸೊನ್ನೆಗೆ ಸೀದಾ, ಒಂದಕ್ಕೆ ಉಲ್ಟಾ. ‘ಅಮ್ಮ’ ಅಂದರೆ ಅ, ಮ, ವಿರಾಮ, ಮ:

0000101 0101110 1001101 0101110

ನಾಲ್ಕೇಳು 28 ಕುಣಿಕೆ. ಎಣಿಸಿ ನೋಡಿ, ಹದಿನಾಲ್ಕು ಸೀದಾ, ಹದಿನಾಲ್ಕು ಉಲ್ಟಾ. ಇಷ್ಟು ಸಮತೂಕದ ಸಾಲನ್ನು ನಾನು ಬೇಕೆಂದು ಕೂತು ಬರೆದರೂ ಆಗುತ್ತಿರಲಿಲ್ಲ. ಮೇಲಿಂದ ನೋಡಿದರೆ ಕಾಳು ಚೆಲ್ಲಿದ ಡಿಸೈನ್, ಬೆರಳಾಡಿಸಿದರೆ ಉಬ್ಬು.

‘ಅಪ್ಪ’ನಿಗೂ 28 ಕುಣಿಕೆಯೇ. ‘ಪ’ 42ನೇ ಮನೆ, 0101010. ಅಂದರೆ ‘ಮ’ಕ್ಕೂ ‘ಪ’ಕ್ಕೂ ಏಳರಲ್ಲಿ ಐದನೆಯ ಕುಣಿಕೆ ಒಂದೇ ಬೇರೆ. ಎರಡು ಕಡೆ ಉಲ್ಟಾ ಹಾಕುವಲ್ಲಿ ಸೀದಾ ಹಾಕಿದರೆ ಅಮ್ಮ ಹೋಗಿ ಅಪ್ಪ ಆಗುತ್ತಾರೆ. ಟಿ.ವಿ. ನೋಡುತ್ತಾ ಹೆಣೆಯುವ ಸಾಲಲ್ಲ ಇದು. ಮುಗಿದ ಕೂಡಲೇ ಒಮ್ಮೆ ಓದಿ ನೋಡಿಯೇ ಮುಂದಿನ ಸಾಲು ಹಿಡಿಯಿರಿ. ಇನ್ನೊಂದು ಮಾತು: ಶುರುವಿನಲ್ಲೇ ನಾಲ್ಕು ಸೊನ್ನೆ ಇರುವುದರಿಂದ ಸಂದೇಶ ಎಲ್ಲಿಂದ ಅನ್ನುವುದು ಕಾಣುವುದಿಲ್ಲ. ಮೊದಲ ಕುಣಿಕೆಗೆ ಮುಂಚೆ ಒಂದೇ ಒಂದು ಕುಣಿಕೆಯನ್ನು ಬೇರೆ ಬಣ್ಣದಲ್ಲಿ ಹಾಕಿ.

3. ಯಾರು ಓದಬೇಕು ಅಂತ ಮೊದಲೇ ಕೇಳಿ. ಮುಂಬದಿಯ ಸಾಲನ್ನು ನಾವು ಬಲದಿಂದ ಎಡಕ್ಕೆ ಹೆಣೆಯುತ್ತೇವೆ, ಕನ್ನಡವನ್ನು ಎಡದಿಂದ ಬಲಕ್ಕೆ ಓದುತ್ತೇವೆ. ಎದುರಿಗೆ ನಿಂತವರು ಓದಬೇಕಾದರೆ ಸಾಲಿನ ಕೊನೆಯ ಅಂಕಿಯಿಂದ ಹೆಣಿಗೆ ಶುರು ಮಾಡಬೇಕು. ತೊಟ್ಟವರೇ ಓದಬೇಕಾದರೆ? ಅವರು ತಲೆ ಬಗ್ಗಿಸಿ ಕೆಳಗಿನ ಬಾರ್ಡರ್ ನೋಡುವಾಗ ಎಲ್ಲವೂ ತಲೆಕೆಳಗು, ಎಡ–ಬಲವೂ ಅದಲುಬದಲು. ಆಗ ಮೊದಲ ಅಂಕಿಯಿಂದಲೇ ಹೆಣೆಯುತ್ತಾ ಹೋದರೆ ಅವರ ಕಣ್ಣಿಗೆ ಸರಿಯಾಗಿ ಕೂರುತ್ತದೆ. ಕೆಳಗಿನಿಂದ ಮೇಲಕ್ಕೆ ಹೆಣೆಯುವ ಸ್ವೆಟರಿಗೆ ಈ ಲೆಕ್ಕ. ನನಗೆ ಈ ಎರಡನೆಯದೇ ಇಷ್ಟ. ಬಸ್ಸಿನಲ್ಲಿ ಕೂತ ಹುಡುಗಿ ತನ್ನ ಸ್ವೆಟರಿನ ಅಂಚನ್ನು ಬೆರಳಲ್ಲಿ ಸವರಿದರೆ ಪಕ್ಕದವರಿಗೆ ಏನೂ ತಿಳಿಯುವುದಿಲ್ಲ.

4. ನಮ್ಮಲ್ಲೇ ಇರುವ ಗುಪ್ತಲಿಪಿ ಬಳಸಿ. ಸಂಗೀತ ಕಲಿತವರಿಗೆ ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಗೊತ್ತು. ಮಾಯಾಮಾಳವಗೌಳ ರಾಗದ ‘ಮಾ’ಕ್ಕೆ 5, ‘ಯಾ’ಕ್ಕೆ 1, ತಿರುಗಿಸಿದರೆ ಹದಿನೈದನೆಯ ಮೇಳ. ಕ, ಟ, ಪ, ಯ ನಾಲ್ಕೂ ಒಂದರಿಂದ ಶುರು. ಇದೇ ಲೆಕ್ಕದಲ್ಲಿ ಹೆಸರನ್ನು ಪಟ್ಟೆ ಮಾಡಬಹುದು. ‘ಶಾರದಾ’ 5–2–8. ‘ಸುಶೀಲಾ’ 7–5–3, ಮೆಟ್ಟಿಲಿಳಿದಂತೆ ಬರುವ ಪಟ್ಟೆ, ಮಗುವಿನ ಹೊದಿಕೆಗೆ ಹೇಳಿ ಮಾಡಿಸಿದ್ದು. ಅಜ್ಜಿಯ ಹೆಸರು ಮೊಮ್ಮಗಳ ಹೊದಿಕೆಯಲ್ಲಿ ಬರಲಿ ಅನ್ನುವವರೇ ಹೆಚ್ಚು, ಹಳೆಯ ಹೆಸರುಗಳಿಗೆ ಪಟ್ಟೆಯೂ ಚೆನ್ನಾಗಿ ಬೀಳುತ್ತದೆ. ಈಗಿನ ಹೆಸರುಗಳದ್ದೇ ಕಷ್ಟ. ಸ್ವರಕ್ಕೂ ‘ನ’ಕ್ಕೂ ಸೊನ್ನೆ, ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ‘ಅನನ್ಯ’ ಅಂದರೆ 0–0–1. ಎಷ್ಟು ಮುದ್ದಿನ ಮಗುವಾದರೂ ಒಂದು ಪಟ್ಟೆಯಲ್ಲಿ ಹೊದಿಕೆ ಆಗುವುದಿಲ್ಲ! ಸೊನ್ನೆಗೆ ನಾನು ಒಂದು ಉಲ್ಟಾ ಏಣು ಹಾಕುತ್ತೇನೆ, ಜೊತೆಗೆ ತಂದೆ ಅಥವಾ ಊರಿನ ಹೆಸರನ್ನು ಸೇರಿಸಿಕೊಳ್ಳುತ್ತೇನೆ.

ಎಣಿಕೆಯನ್ನು ಇಮ್ಮಡಿ ಮಾಡಿಯೇ ಹೆಣೆಯಿರಿ: 5–2–8 ಅಂದರೆ 10, 4, 16 ಸಾಲು. ಬೆಸ ಸಂಖ್ಯೆಯ ಸಾಲಿಗೆ ಬಣ್ಣ ಬದಲಿಸಿದರೆ ನೂಲು ಇನ್ನೊಂದು ಅಂಚಿನಲ್ಲಿ ಉಳಿಯುತ್ತದೆ, ಪ್ರತಿ ಸಲ ಕತ್ತರಿಸಿ ತುದಿ ಸೇರಿಸುವ ಕೆಲಸ ಬೀಳುತ್ತದೆ. ಪಟ್ಟೆ ನೋಡಿ ಹೆಸರು ಹೇಳಲು ಮಾತ್ರ ಯಾರಿಂದಲೂ ಆಗದು, ಒಂದೇ ಅಂಕಿಗೆ ಮೂರು ನಾಲ್ಕು ಅಕ್ಷರಗಳಿವೆ. ಗೊತ್ತಿದ್ದವರಿಗೆ ಮಾತ್ರ ತೆರೆಯುವ ಬೀಗ.

ಅಂಕಿಗಳಲ್ಲೇ ಬರೆದ ಗ್ರಂಥ, ಕುಮುದೇಂದು ಮುನಿಯ ‘ಸಿರಿಭೂವಲಯ’ದ ಚಕ್ರಗಳನ್ನು ನೋಡಿದ್ದೀರಾ? ಅಡ್ಡ 27, ಉದ್ದ 27 ಚೌಕ, ತುಂಬ 1ರಿಂದ 64ರವರೆಗಿನ ಅಂಕಿ, ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ವಿದ್ವಾಂಸರು ಅದರ ಕಾಲದ ಬಗ್ಗೆ ವಾದ ಮಾಡಲಿ, ನನ್ನ ಕಣ್ಣಿಗಂತೂ ಅದು ಹೆಣಿಗೆಯ ಚಾರ್ಟು.

5. ಕಸೂತಿಯ ಗೋಪುರ ಹೆಣಿಗೆಯಲ್ಲಿ ಕುಳ್ಳಾಗುತ್ತದೆ. ಇಳಕಲ್ ಸೀರೆಯ ಮೇಲಿನ ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆ, ಎಲ್ಲವೂ ಎಳೆ ಎಣಿಸಿ ಹಾಕಿದವು. ಹಾಗಾಗಿ ಚೌಕದ ಕಾಗದಕ್ಕೆ ಇಳಿಸುವುದು ಸಲೀಸು. ಅಲ್ಲಿಂದ ಕಡ್ಡಿಗೆ ತಂದಾಗ ತೊಂದರೆ. ಹೆಣಿಗೆಯ ಕುಣಿಕೆಗೆ ಎತ್ತರಕ್ಕಿಂತ ಅಗಲ ಹೆಚ್ಚು. ಮಧ್ಯಮ ದಪ್ಪದ ನೂಲಿನಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ ಸಾಲು 28 ಬರುತ್ತದೆ. 20 ಚೌಕ ಅಗಲ, 20 ಚೌಕ ಎತ್ತರ ಬರೆದ ಗೋಪುರ ಹೆಣೆದಾಗ 10 ಸೆಂ.ಮೀ. ಅಗಲ, ಸುಮಾರು 7 ಸೆಂ.ಮೀ. ಎತ್ತರ. ಆನೆ ಹೇಗೋ ನಡೆಯುತ್ತದೆ, ಗೋಪುರ ನಡೆಯುವುದಿಲ್ಲ. ಎತ್ತರಕ್ಕೆ 28 ಚೌಕ ಕೊಟ್ಟು, ಸ್ಯಾಂಪಲ್ ತುಂಡು ಹೆಣೆದು, ಅದನ್ನು ಒಗೆದು ಒಣಗಿಸಿ, ಆಮೇಲೆ ಅಳೆಯಿರಿ.

ಕಸೂತಿಯಿಂದ ತರಬೇಕಾದ ಇನ್ನೊಂದು ಸಂಗತಿ ಹಿಂಬದಿಯ ಶಿಸ್ತು. ಗಾವಂತಿ, ಮುರಗಿ ಎರಡರಲ್ಲೂ ಮುಂದೆ ಹಿಂದೆ ಒಂದೇ ರೂಪ, ಗಂಟು ಹಾಕುವ ಹಾಗಿಲ್ಲ. ನನಗೆ ಕಲಿಸಿದವರು ಮೊದಲು ಬಟ್ಟೆ ತಿರುಗಿಸಿ ಹಿಂದೆ ನೋಡುತ್ತಿದ್ದರು. ಗುಟ್ಟು ಇರುವ ಸ್ವೆಟರನ್ನೂ ಕೈಗೆ ಸಿಕ್ಕವರು ಮೊದಲು ತಿರುಗಿಸಿಯೇ ನೋಡುತ್ತಾರೆ.

6. ಹಕ್ಕಿಯ ಚಿತ್ರ ಬೇಡ, ಹಕ್ಕಿಯ ಬಣ್ಣದ ಪ್ರಮಾಣ ಸಾಕು. ಠಾಣೆ ಖಾಡಿಗೆ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯದ ಹೆಸರು ಬಂತು, 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲೂ ಸೇರಿತು. ಅಂದಿನಿಂದ ಈ ಊರಲ್ಲಿ ಎಲ್ಲಿ ನೋಡಿದರೂ ಗುಲಾಬಿ ಹಕ್ಕಿ: ಗೋಡೆ, ಸೇತುವೆ, ಸರ್ಕಲ್ಲು. ಶಾಲಿನಲ್ಲೂ ಅದೇ ಬೇಕು ಅಂತ ಬರುತ್ತಾರೆ. ನಾನು ಅವರಿಗೆ ಇಳಿತದ ಹೊತ್ತಿನಲ್ಲಿ ಖಾಡಿ ನೋಡಿ ಬನ್ನಿ ಅನ್ನುತ್ತೇನೆ. ಕಾಣುವುದು ಮುಕ್ಕಾಲು ಪಾಲು ಕೆಸರಿನ ಬೂದು, ಆಮೇಲೆ ಕಾಂಡ್ಲಾ ಗಿಡಗಳ ಕಪ್ಪುಹಸಿರು, ದೂರದಲ್ಲಿ ತೆಳ್ಳನೆ ಗುಲಾಬಿ ಗೆರೆ. ಮರಿಗಳಂತೂ ಬೂದೇ, ತಿಂದ ಪಾಚಿಯಿಂದ ಬಣ್ಣ ಬರಲು ವರ್ಷಗಳು ಬೇಕು. ಶಾಲಿನಲ್ಲಿ ಅದೇ ಪ್ರಮಾಣ ಇಟ್ಟರೆ ಇಲ್ಲಿ ಬೆಳೆದು ಪರದೇಶಕ್ಕೆ ಹೋದ ಹುಡುಗಿ ಹೊದ್ದ ಕೂಡಲೇ ಗುರುತಿಸುತ್ತಾಳೆ. ಉಳಿದವರು ಒಳ್ಳೆಯ ಬೂದು ಶಾಲು ಅನ್ನುತ್ತಾರೆ.

7. ದಿನಚರಿಯೂ ಗುಪ್ತಲಿಪಿಯೇ. ಮ್ಯೂನಿಕ್ ಕಡೆಯ ಒಬ್ಬ ಮಹಿಳೆ 2018ರಲ್ಲಿ ತನ್ನ ರೈಲು ದಿನವೂ ಎಷ್ಟು ತಡವಾಯಿತು ಅನ್ನುವುದನ್ನು ಮಫ್ಲರಿನಲ್ಲಿ ಹೆಣೆದರು. ಐದು ನಿಮಿಷದೊಳಗೆ ಬೂದು, ಅರ್ಧ ಗಂಟೆಯವರೆಗೆ ಗುಲಾಬಿ, ಅದಕ್ಕೂ ಮೀರಿದರೆ ಕೆಂಪು. ಮರುವರ್ಷ ಅದು ಹರಾಜಿನಲ್ಲಿ 7,550 ಯೂರೋಗೆ ಹೋಯಿತು, ಹಣ ರೈಲು ನಿಲ್ದಾಣಗಳಲ್ಲಿ ಸೇವೆ ಮಾಡುವ ಸಂಸ್ಥೆಗೆ. ನಮ್ಮ ಮಳೆಗಾಲದಲ್ಲಿ ಅದೇ ಲೆಕ್ಕ ಹಿಡಿದರೆ ಕೆಂಪು ನೂಲು ಸಾಲದು ಅಂತ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಈ ಕಥೆ ಹೇಳಿದಾಗಲೆಲ್ಲ ನಗು.

ಠಾಣೆ–ವಾಶಿ ಲೈನಿನಲ್ಲಿ ಪರಿಚಯವಾಗಿ ಮದುವೆಯಾದ ಜೋಡಿಗೆ ಮಫ್ಲರ್ ಹೆಣೆದಿದ್ದೇನೆ: ಠಾಣೆ, ಐರೋಲಿ, ರಬಾಳೆ, ಘಣಸೋಲಿ, ಕೋಪರಖೈರಣೆ, ಸ್ಟೇಶನ್ನಿಗೊಂದು ಪಟ್ಟೆ. 2024ರ ಜನವರಿಯಲ್ಲಿ ಠಾಣೆಗೂ ಐರೋಲಿಗೂ ನಡುವೆ ದಿಘಾ ಗಾಂವ್ ತೆರೆದಾಗ ಅದನ್ನೂ ಸೇರಿಸುತ್ತೀರಾ ಅಂತ ಕೇಳಿದರು. ಸೇರಿಸಲಿಲ್ಲ. ಅವರು ಭೇಟಿಯಾದ ಕಾಲದಲ್ಲಿ ಆ ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ.

8. ಗೂಢಚಾರರ ಕಥೆಯನ್ನು ಗಿರಾಕಿಗಳು ಬಯಸುತ್ತಾರೆ, ಹೇಳಿ. ಆದರೆ ಸರಿಯಾಗಿ ಹೇಳಿ. 1944ರ ಮೇ ತಿಂಗಳಲ್ಲಿ ನಾರ್ಮಂಡಿಯಲ್ಲಿ ಪ್ಯಾರಾಚೂಟಿನಿಂದ ಇಳಿದ ಬ್ರಿಟಿಷರ ಗೂಢಚಾರಿಣಿ ಫಿಲಿಸ್ ಲಾಟೂರ್ ತನ್ನ ಸಂಕೇತಗಳನ್ನು ರೇಷ್ಮೆ ತುಂಡಿನ ಮೇಲೆ ಬರೆಸಿಕೊಂಡು, ಹೆಣಿಗೆ ಕಡ್ಡಿಗೆ ಸುತ್ತಿ, ಜಡೆ ಕಟ್ಟುವ ಲಾಡಿಯೊಳಗೆ ತೂರಿಸಿ ಇಟ್ಟುಕೊಂಡಿದ್ದಳು. ಸಂದೇಶ ಹೆಣಿಗೆಯೊಳಗೆ ಇರಲೇ ಇಲ್ಲ. ಕಡ್ಡಿ ಹಿಡಿದ ಹೆಂಗಸಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಅನ್ನುವುದೂ ಅವಳಿಗೊಂದು ಕವಚ.

9. ಇಸ್ತ್ರಿ ಗುಟ್ಟಿನ ಶತ್ರು. ಇಲ್ಲಿ ಸಿಗುವ ಹೆಣಿಗೆ ನೂಲಿನಲ್ಲಿ ಹೆಚ್ಚಿನದು ಅಕ್ರಿಲಿಕ್. ಅದರ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಉಬ್ಬುಗಳು ಚಪ್ಪಟೆಯಾಗಿ ಮತ್ತೆ ಏಳುವುದೇ ಇಲ್ಲ, ‘ಅಮ್ಮ’ ಪೂರ್ತಿ ಸೊನ್ನೆ. ಹತ್ತಿ ನೂಲಿನಲ್ಲಿ ಉಬ್ಬು ಸ್ಪಷ್ಟ, ನಮ್ಮ ಹವೆಗೂ ಒಳ್ಳೆಯದು. ಆದರೆ ಒದ್ದೆಯಾದರೆ ಭಾರಕ್ಕೆ ಇಳಿಬೀಳುತ್ತದೆ, ತಂತಿಯ ಮೇಲೆ ನೇತು ಹಾಕದೆ ಮಲಗಿಸಿಯೇ ಒಣಗಿಸಬೇಕು. ಜೂನ್–ಜುಲೈಯಲ್ಲಿ ಅದು ಒಣಗುವ ಹೊತ್ತಿಗೆ ವಾಸನೆ ಹಿಡಿಯುತ್ತದೆ, ಆಗ ನಾನು ಹತ್ತಿಯ ದೊಡ್ಡ ಆರ್ಡರ್ ಒಪ್ಪುವುದಿಲ್ಲ. ರೋಮವಿರುವ ನೂಲು, ಕಡುಬಣ್ಣ, ಎರಡರಲ್ಲೂ ಉಲ್ಟಾ ಮುಳುಗಿಹೋಗುತ್ತದೆ. ಮಕ್ಕಳ ಸ್ವೆಟರಿನಲ್ಲಿ ತೋಳಿನ ತುದಿಗೆ ಸಂದೇಶ ಹಾಕಬೇಡಿ, ಮಗು ಬೆಳೆದಾಗ ಬಿಚ್ಚಿ ಉದ್ದ ಮಾಡುವುದು ಅಲ್ಲಿಂದಲೇ.

10. ಬೈಗುಳ ಹೆಣೆಯುವುದಿಲ್ಲ. ಅತ್ತೆಯ ಕಾರ್ಡಿಗನ್ನಿನ ಬೆನ್ನಿಗೆ ಎರಡು ಮಾತು ಸೇರಿಸಿ, ಎಷ್ಟಾದರೂ ಕೊಡ್ತೀನಿ ಅಂದ ಸೊಸೆ ಒಬ್ಬಳಿದ್ದಳು. ಚಾರ್ಟು ಬರೆಯಲು ಮಜವಾಗಿರುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ತೊಡುವವರಿಗೆ ಒಂದಲ್ಲ ಒಂದು ದಿನ ಹೇಳಬಹುದಾದ ಮಾತನ್ನು ಮಾತ್ರ ನಾನು ಹೆಣೆಯುವುದು. ಫೋನ್ ನಂಬರು, ಪಾಸ್‌ವರ್ಡು ಕೂಡ ಬೇಡ.

11. ಚಾರ್ಟಿನ ಹಣ ಬೇರೆ ಕೇಳಿ. ಕಣ್ಣಿಗೆ ಕಾಣದ ಕೆಲಸಕ್ಕೆ ಯಾರೂ ತಾವಾಗಿ ಹಣ ಕೊಡುವುದಿಲ್ಲ. ನೂಲಿನ ಬೆಲೆ, ಹೆಣಿಗೆಯ ಕೂಲಿ, ಲೆಕ್ಕ ಕೂರಿಸಿದ್ದಕ್ಕೆ ಇಷ್ಟು ಅಂತ ಮೂರು ಸಾಲಿನಲ್ಲಿ ಬಿಲ್ ಬರೆಯಿರಿ.

12. ಕೀಲಿಯ ಚೀಟಿ ಎರಡು ಬರೆಯಿರಿ. ಒಂದು ಗಿರಾಕಿಗೆ, ಒಂದು ನಿಮ್ಮ ಪುಸ್ತಕಕ್ಕೆ. ಯಾವ ಸಾಲು, ಯಾವ ಅಂಚಿನಿಂದ ಎಷ್ಟನೆಯ ಕುಣಿಕೆ, ಬಣ್ಣದ ಗುರುತು ಎಲ್ಲಿ, ಅಷ್ಟು ಸಾಕು. ಮಾತನ್ನು ಚೀಟಿಯಲ್ಲಿ ಬರೆಯಬೇಡಿ. ಚೀಟಿಯನ್ನು ಸ್ವೆಟರಿನ ಜೊತೆಯಲ್ಲೇ ಕಳಿಸಬೇಕೇ ಅನ್ನುವುದು ಅವರಿಗೆ ಬಿಟ್ಟದ್ದು. ಕೆಲವರು ಒಂದು ವರ್ಷ ಬಿಟ್ಟು ಕಳಿಸುತ್ತಾರೆ. ಒಬ್ಬ ತಾಯಿ ತನ್ನ ಚೀಟಿಯನ್ನು ನನ್ನ ಪುಸ್ತಕದಲ್ಲೇ ಬಿಟ್ಟುಹೋಗಿದ್ದಾರೆ. ಮಗ ತಾನಾಗಿ ಕೇಳಿದರೆ ಕೊಡಿ, ಇಲ್ಲದಿದ್ದರೆ ಸುಮ್ಮನಿರಿ ಅಂದರು. ಅವನು ಇನ್ನೂ ಕೇಳಿಲ್ಲ. ಕಳೆದ ವಾರ ಅದೇ ಅಳತೆಗೆ ಇನ್ನೊಂದು ಸ್ವೆಟರ್ ಬೇಕು ಅಂತ ಮಾತ್ರ ಆರ್ಡರ್ ಬಂದಿದೆ.